ಗೋಡೆ ಕೆರೆದ ಸಟ್ಟುಗ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷವೋ, ಅದರ ಮುಂದಿನದೋ. ನನ್ನ ಡೈರಿಯಲ್ಲಿ ‘ಗೋಡೆ ಕೆಲಸ ಶುರು’ ಎಂದಷ್ಟೇ ಇದೆ. ಮುಂದಿನ ಮೂರು ಪುಟ ಖಾಲಿ.

ಮೊನ್ನೆ ಪಿ.ಜೆ. ಬಡಾವಣೆಯ ನಮ್ಮ ಮನೆಯ ಪಕ್ಕದಲ್ಲಿ ಯಾರೋ ಸುಣ್ಣ ಅರಳಿಸುತ್ತಿದ್ದರು. ನೀರು ಬಿದ್ದ ಸುಣ್ಣದ ಬಿಸಿ ವಾಸನೆ ನಿಮಗೂ ಗೊತ್ತಿರಬೇಕು. ಕಿಟಕಿಯಿಂದ ಅದು ಬಂದದ್ದೇ ತಡ, ಹರಿಹರದ ನನ್ನ ತವರುಮನೆ ಕಣ್ಣ ಮುಂದೆ ನಿಂತಿತು.

ಅದು ಮುತ್ತಾತ ಕಟ್ಟಿಸಿದ ಮನೆ. ತೆಳುವಾದ ಹಳೇ ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಹೊಳೆ ಕಡೆಯ ಗೋಡೆಯಲ್ಲಿ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ಹೊಸದನ್ನು ತುಂಬುವ ಮೊದಲು ಹಳೆಯದನ್ನು ಸಂದುಸಂದಿನಿಂದಲೂ ಕೆರೆದು ತೆಗೆಯಬೇಕು. ಅದಕ್ಕೆ ಬಂದವರು ಗಾರೆ ಕೆಲಸದ ಖಾಸಿಂ ಸಾಬರು. ನಾನಾಗ ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೆ. ಆ ಮನೆಯ ಬಗ್ಗೆ ಮಾತಾಡುವ ಹಕ್ಕು ನನ್ನದೇ ಎಂದುಕೊಂಡು ಇಟ್ಟಿಗೆಯ ಉದ್ದಗಲ ಬರೆದು ಸಾಬರಿಗೆ ಓದಿ ಹೇಳಿದೆ.

“ಬರ್ಕಳ್ರಿ ಅಕ್ಕಾರ, ಬರ್ಕಳ್ರಿ,” ಅಂದರು, ಗೋಡೆಯಿಂದ ಕಣ್ಣು ತೆಗೆಯದೆ.

ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಬಂದಳು. ಅಣ್ಣನನ್ನು ಮದುವೆಯಾಗಿ ಆರು ತಿಂಗಳು. ಏಳನೇ ತರಗತಿಗೇ ಶಾಲೆ ಬಿಟ್ಟ ಹಳ್ಳಿಯ ಹುಡುಗಿ. ದೋಸೆ ತಿರುವುವ ಕಬ್ಬಿಣದ ಸಟ್ಟುಗವನ್ನು ಉಲ್ಟಾ ಹಿಡಿದು, ಹಿಡಿಯ ಮೊಂಡು ತುದಿಯಿಂದ ಒಂದು ಸಂದನ್ನು ಕೆರೆದಳು. ಗಾರೆ ಉದುರಿತು, ಇಟ್ಟಿಗೆಗೆ ಗೀರೂ ಬೀಳಲಿಲ್ಲ.

“ಯಾ ಅಲ್ಲಾ! ನನ್ನ ಸಾಮಾನಿಗಿಂತ ಇದು ಚಲೋ ಐತಲ್ರಿ!” ಸಾಬರು ನಕ್ಕರು. “ಉಳಿ ಹೊಡೆದ್ರೆ ಹಳೇ ಇಟ್ಟಿಗಿ ಅಂಚು ಒಡೀತೈತೆ. ಈ ಗ್ವಾಡಿ ನೀವೇ ಕೆರೀರಿ ತಾಯಿ.”

ನನಗೆ ಮೊದಲ ದರ್ಜೆ ಬಂದಾಗ “ಹೂಂ, ಒಳ್ಳೇದಾತು” ಎಂದಷ್ಟೇ ಹೇಳಿದ್ದ ಅಪ್ಪ, ಮನೆಗೆ ಬಂದವರನ್ನೆಲ್ಲ ಕರೆದೊಯ್ದು “ನಮ್ಮ ಸೊಸಿ ಕೆಲಸ ನೋಡ್ರಿ” ಅನ್ನತೊಡಗಿದರು. ನನ್ನ ಪಾಲಿಗೆ ಬಂದದ್ದು ಗೋಡೆಗೆ ನೀರು ಚಿಮುಕಿಸುವ ಕೆಲಸ.

“ಎಂ.ಎ. ಅಮ್ಮಾರ, ಇನ್ನೊಂದು ಕೊಡ ತರ್ರಿ,” ಅನ್ನುವಳು ಅತ್ತಿಗೆ. ಅದು ತಮಾಷೆ ಎಂದು ಈಗ ಒಪ್ಪುತ್ತೇನೆ.

ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಸಾಬರ ಚೀಲದಿಂದ ಉಳಿ ಸುತ್ತಿಗೆ ತೆಗೆದೆ. ಅವಳ ಒಂದು ದಿನದ ಕೆಲಸವನ್ನು ಗಂಟೆಯಲ್ಲಿ ಮುಗಿಸಿ ತೋರಿಸಬೇಕಿತ್ತು. ನಾಲ್ಕು ಇಟ್ಟಿಗೆಗಳ ಅಂಚು ಕಿತ್ತು ಬಂತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಳೆಗೆ ಸುರಿದೆ. ಸೆರಗೋ, ನೋಟ್‌ಬುಕ್ಕಿನ ಹಾಳೆಯೋ? ಸೆರಗೇ ಇರಬೇಕು.

ಸಂಜೆ ಅಪ್ಪ ಗೋಡೆಯ ಮುಂದೆ ನಿಂತು “ಯಾರಿದು?” ಅಂದವರು, ಉತ್ತರಕ್ಕೂ ಕಾಯದೆ ಅತ್ತಿಗೆಯ ಕಡೆ ತಿರುಗಿದರು. ಆ ಗೋಡೆ ಕೆರೆಯುತ್ತಿದ್ದವಳು ಅವಳೊಬ್ಬಳೇ ತಾನೆ. ಅವಳು ಒಡೆದ ಅಂಚಿನ ಮೇಲೆ ಬೆರಳಾಡಿಸಿದಳು. ನನ್ನತ್ತ ನೋಡಿದಳೇ? ನೋಡಿದಳು ಎಂದು ಒಮ್ಮೆ ಅನಿಸುತ್ತದೆ, ಇಲ್ಲ ಎಂದು ಇನ್ನೊಮ್ಮೆ.

“ಕೈ ಜಾರ್ತು ಮಾವಾರ. ತಪ್ಪಾತು.”

ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ. ಮರುದಿನದಿಂದ ಸಾಬರೇ ಕೆರೆದರು. ಸಟ್ಟುಗ ಒಲೆಯ ಬಳಿಗೆ ಹೋಯಿತು. ಅಪ್ಪ ಆಮೇಲೆ ಯಾರಿಗೂ ಗೋಡೆ ತೋರಿಸಲಿಲ್ಲ. ನಾನು ಬಯಸಿದ್ದೆಲ್ಲ ಆಯಿತು, ಹೊಟ್ಟೆಕಿಚ್ಚು ಮಾತ್ರ ಹೆಚ್ಚಿತು. ಕೆಲಸದಲ್ಲಿ ಅವಳನ್ನು ಮೀರಲಾಗಲಿಲ್ಲ, ಸರಿ. ಆ ‘ಕೈ ಜಾರ್ತು’ ಎಂಬ ಮಾತು ನನ್ನನ್ನು ಉಳಿಸಲೆಂದೇ ಆಡಿದ್ದಾದರೆ ಇನ್ನು ಯಾವುದರಲ್ಲೂ ಮೀರುವ ಹಾಗಿಲ್ಲ. ತನ್ನ ಕೈಯೇ ಜಾರಿತೆಂದು ಅವಳು ನಿಜಕ್ಕೂ ನಂಬಿದ್ದರೆ ನನಗೆಷ್ಟು ಹಗುರ! ಹಾಗೆ ಬಯಸುವಷ್ಟು ಸಣ್ಣವಳು ನಾನು, ಇವತ್ತಿಗೂ.

ಅಪ್ಪ ಹೋಗಿ ಮೂರು ವರ್ಷ. ಅವರಿಗೆ ಹೇಳಲೇ ಇಲ್ಲ. ಸುಣ್ಣದ ವಾಸನೆ ಬಂದ ದಿನವೇ ಹರಿಹರದ ಬಸ್ಸು ಹತ್ತಿದೆ. ಅತ್ತಿಗೆ ಒಲೆಯ ಮುಂದಿದ್ದಳು, ಕೈಯಲ್ಲಿ ಅದೇ ಸಟ್ಟುಗ.

“ಅತ್ತಿಗಿ, ಅವತ್ತು ಕೈ ಜಾರ್ತು ಅಂದ್ಯಲ್ಲ, ಒಡೆದಿದ್ದು ನಾನು ಅಂತ ಗೊತ್ತಿತ್ತಾ ನಿನಗೆ?”

ಅವಳು ದೋಸೆಯ ಅಂಚನ್ನು ಸುತ್ತಲೂ ಮೆಲ್ಲಗೆ ಬಿಡಿಸಿದಳು, ಎಲ್ಲೂ ಹರಿಯದಂತೆ.

“ತಟ್ಟೆ ಹಿಡೀರಿ, ಎಂ.ಎ. ಅಮ್ಮಾರ,” ಅಂದಳು.