ಉಸಿರಾಡುವ ಗೋಡೆಗೆ ಅಂಟಿಸಿದ ಬಳೆ

‘ತಾನೇ ಮಾಯುತ್ತದೆ’ ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮಕ್ಕಳ ಮೊಣಕಾಲಿನ ಗಾಯದ ಬಗ್ಗೆ ಅಂದರೆ ಒಪ್ಪುತ್ತೇನೆ. ಮಕ್ಕಳ ತಲೆಯ ಮೇಲಿನ ಗೋಡೆಯ ಬಗ್ಗೆ ಅಂದರೆ, ಅಂದವನನ್ನು ಅದೇ ಗೋಡೆಗೆ ಬೆನ್ನು ಕೊಟ್ಟು ಒಂದು ಮಳೆಗಾಲ ಕೂರಿಸಬೇಕು.

ನಮ್ಮೂರು ಸುರಪುರದಿಂದ ಕೊಡೇಕಲ್ಲಿಗೆ ಹೋಗುವ ದಾರಿಯಲ್ಲಿದೆ. ಊರಿನ ಅಂಗನವಾಡಿ ನಡೆಸುವವಳು ನನ್ನ ತಂಗಿ. ಕಟ್ಟಡವೇನೂ ಹಳೆಯದಲ್ಲ, ಅದರ ಉದ್ಘಾಟನೆಗೆ ಹಂಚಿದ ಪೇಡೆಯ ರುಚಿ ಇನ್ನೂ ನೆನಪಿದೆ. ಆದರೆ ಗಟ್ಟಿ ನೆಲ ಸಿಗುವ ತನಕ ಪಾಯ ತೋಡದೆ ಎರೆಮಣ್ಣಿನ ಮೇಲೆಯೇ ಎಬ್ಬಿಸಿಬಿಟ್ಟಿದ್ದರು. ಎರೆ ಎಂದರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುವ ನೆಲ. ಮಳೆ ಬಿದ್ದರೆ ನಾದಿದ ಹಿಟ್ಟಿನ ಹಾಗೆ ಉಬ್ಬುತ್ತದೆ. ಮೇಲೆ ಕೂತ ಗೋಡೆಯೂ ಅದರ ಜೊತೆಗೇ ಏಳಬೇಕು, ಇಳಿಯಬೇಕು. ಎರಡನೆಯ ಬೇಸಿಗೆಗೇ ಕಿಟಕಿಯ ಮೂಲೆಯಿಂದ ಛತ್ತಿನವರೆಗೆ ಬಿರುಕು ಓಡಿತು. ಅದರ ಬುಡದಲ್ಲೇ ಮಕ್ಕಳು ಉಂಡು ಮಲಗುವ ಚಾಪೆ.

ತಂಗಿ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ ಮೇಲೆ ಶಹಾಪುರದ ಕಡೆಯಿಂದ ಒಬ್ಬ ಎಂಜಿನಿಯರ್ ಬಂದ. ಹರೆಯದವನು, ನಗುಮುಖದವನು. ಬಿರುಕಿನ ಫೋಟೋ ಹೊಡೆದುಕೊಂಡ. ಪಾಯದ ಕಡೆ ತಿರುಗಿಯೂ ನೋಡಲಿಲ್ಲ.

“ಫಿಕರ್ ಮಾಡಬ್ಯಾಡ್ರಿ ಅಕ್ಕಾರ. ಈಗ ಹೊಸಾ ಸಿಮೆಂಟ್ ಬಂದದ. ಅದರಾಗ ಕಣ್ಣಿಗಿ ಕಾಣದಂಥ ಜೀವಾಣು ಇರ್ತಾವ. ನೀರು ಬಿದ್ದ ಕೂಡ್ಲೇ ಎದ್ದು ಸುಣ್ಣ ಕಟ್ಟತಾವ. ಬಿರುಕು ತಾನೇ ಮಾಯ್ತದ.”

“ಜೀವ ಅದಾವಂದ್ರ ಅವಕ್ಕೂ ಊಟ ಹಾಕಬೇಕೇನ್ರಿ? ಮಕ್ಕಳ ರೇಷನ್‌ದಾಗ ಮತ್ತ ಅವುಗಳದೊಂದು ಪಾಲು ಬ್ಯಾಡ್ರಿ ನಮಗ,” ಅಂದಳು ತಂಗಿ.

ಅಂಥ ಸಿಮೆಂಟೇ ಸುಳ್ಳು ಎಂದು ನಾನು ಹೇಳುವವನಲ್ಲ. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ಕಾಲುವೆಯ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ತಾನೇ ಮುಚ್ಚಿಕೊಳ್ಳುವ ಬಿರುಕುಗಳನ್ನು ಕಂಡಿದ್ದೇನೆ. ನಮ್ಮ ಹಳೆಯ ಮನೆಯ ಗಚ್ಚಿನ ಗೋಡೆಯಲ್ಲೂ ಬೇಸಿಗೆಯಲ್ಲಿ ಮೂಡಿದ ಕೂದಲೆಳೆಯಂಥ ಗೆರೆ ನಾಕು ಮಳೆಗೆ ಬೆಳ್ಳಗೆ ಕಟ್ಟಿಕೊಳ್ಳುತ್ತಿತ್ತು. ಸುಣ್ಣದ ಗುಣವೇ ಅದು. ಆದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇನ್ನೊಂದು ಮಾತೂ ಸೇರಿಸುತ್ತಿದ್ದಳು: “ಸುಮ್ಮನ ಕುಂತ ಬಿರುಕು ಸುಣ್ಣ ಮಾಯಸ್ತದ. ಉಸರಾಡೋ ಬಿರುಕು ದೇವರೂ ಮಾಯಸಂಗಿಲ್ಲ.”

ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯಲು ಆಯಿ ಒಂದು ಗಾಜಿನ ಬಳೆಯ ಚೂರನ್ನು ಬಿರುಕಿಗೆ ಅಡ್ಡಲಾಗಿ ಸುಣ್ಣದ ಮುದ್ದೆಯಿಂದ ಅಂಟಿಸುತ್ತಿದ್ದಳು. ಗೋಡೆ ಸರಿದರೆ ಬಳೆ ಪಟ್ಟೆಂದು ಮುರಿಯುತ್ತಿತ್ತು. ಮುರಿದದ್ದನ್ನು ಕಣ್ಣಾರೆ ನೋಡಿ, ಗೋಡೆ ಕಟ್ಟುವ ಗೌಂಡಿಗೆ ಹೇಳಿಕಳಿಸಿ, ಆಮೇಲೆ ಅದನ್ನು ಕಿತ್ತು ಬನ್ನಿಗಿಡದ ಬುಡಕ್ಕೆ ಹಾಕಿಸುತ್ತಿದ್ದಳು. ಮುರಿದ ಬಳೆ ಮನೆಯಲ್ಲಿರಬಾರದಲ್ಲ.

ಎಂಜಿನಿಯರ್ ತನ್ನ ಹೊಸ ಸಿಮೆಂಟು ಮೆತ್ತಿಸಿ ಹೊರಟಾಗ, ಯಾಕೆಂದು ಅವನೊಬ್ಬನಿಗೆ ಹೇಳಿ, ನಾನೂ ಹಾಗೇ ಮಾಡಿದೆ. ಹಸಿರು ಬಳೆಯ ಚೂರು ಅಂಟಿಸಿ, “ಇದರ ಮ್ಯಾಲ ಕಣ್ಣಿಡವ್ವ,” ಎಂದು ತಂಗಿಗೆ ಹೇಳಿ, ಕಣ್ಣಿನ ಆಪರೇಷನ್ನಿಗೆಂದು ಯಾದಗಿರಿಗೆ, ಮಗಳ ಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮುಂಗಾರು ಅರ್ಧ ಮುಗಿದಿತ್ತು.

ನಾನು ಬಂದ ವಾರವೇ ಎಂಜಿನಿಯರೂ ಬಂದ. ಗೋಡೆ ಬೆಳ್ಳಗೆ ಸುಣ್ಣ ಬಳಿದುಕೊಂಡು ನಿಂತಿತ್ತು. ಬಳೆ ಇಡಿಯಾಗಿತ್ತು.

“ನೋಡ್ರಿ ಕಾಕಾ, ನೀವು ಅಂಟಿಸಿದ ಬಳೀನ ಸಾಕ್ಷಿ! ಮಾಯ್ದದ,” ಎಂದವನೇ ಫೋಟೋ ಹೊಡೆದು ಅಲ್ಲಿಂದಲೇ ಮೇಲಿನವರಿಗೆ ಕಳಿಸಿಬಿಟ್ಟ.

ಕೈಮುಗಿಯಬೇಕು ಅನ್ನಿಸಿತು, ಸುಳ್ಳೇಕೆ. ಆದರೆ ಹೊಸ ಕಣ್ಣು ಹೊಸದೇ. ನಾನು ಅಂಟಿಸಿದ್ದು ಹಸಿರು ಬಳೆ. ಇದು ಕೆಂಪಗಿತ್ತು.

“ಇದ್ಯಾರದವ್ವ ಬಳಿ?”

“ನಂದ ಅಣ್ಣಾ. ಹಸರದು ಮೊದಲನೇ ಮಳಿಗೇ ಮುರದಿತ್ತು. ಮುರದ ಬಳಿ ಮಕ್ಕಳು ಮಲಗೋ ಜಾಗದಾಗ ಇಡಬಾರದಂತ ತಗದು ಬ್ಯಾರೇ ಹಚ್ಚೀನಿ. ಬಿರುಕಿಗೂ ಸುಣ್ಣದ ಮುದ್ದಿ ತುಂಬಿ ಚಂದಾಗಿ ಬಳದೀನಿ.”

“ಎಷ್ಟು ಸಲ?”

“ಮುರದಾಗೆಲ್ಲ.”

ಆಯಿ ಇದ್ದಾಗ ಇವಳು ಲಂಗದ ಹುಡುಗಿ. ಬಳೆ ಕಿತ್ತು ಬನ್ನಿಗಿಡಕ್ಕೆ ಒಯ್ದು ಹಾಕುವ ಕೆಲಸ ಇವಳದೇ ಆಗಿತ್ತು. ಅದಕ್ಕೆ ಮುಂಚೆ ಆಯಿ ನಿಂತು ನೋಡುತ್ತಿದ್ದುದನ್ನು ಇವಳು ಕಂಡಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ನಾನೂ ‘ಕಣ್ಣಿಡು’ ಎಂದೆನೇ ಹೊರತು ಯಾಕೆಂದು ಹೇಳಿರಲಿಲ್ಲ. ಅವಳ ಮೇಲೆ ಸಿಟ್ಟು ಬರಲಿಲ್ಲ. ಉಗುರಿನಿಂದ ಸುಣ್ಣ ಕೆರೆದೆ. ಹೊಸ ಸಿಮೆಂಟನ್ನು ಉದ್ದಕ್ಕೆ ಸೀಳಿಕೊಂಡು ಬಿರುಕು ಒಳಗೆ ಬೆರಳಗಲ ಬಾಯಿ ತೆರೆದಿತ್ತು. ಆಗ ಬಂತು ನೋಡಿ ಸಿಟ್ಟು, ಅಂಗಾಲಿನಿಂದ ನೆತ್ತಿಗೆ.

“ಏನಪಾ ಸಾಹೇಬ, ನೆಲ ಕುಣ್ಯಾಕತ್ತಿದ್ರ ನಿನ್ನ ಜೀವಾಣು ಏನ್ ಮಾಡ್ತಾವ? ಮುರದ ಕಾಲಿಗಿ ಪಟ್ಟಿ ಕಟ್ಟಿ, ಓಡು ಮಗನ ಅಂದ್ರ ಮಾಯ್ತದೇನು? ಆ ಫೋಟೋ ವಾಪಸ್ ತರಿಸು. ಪಾಯ ಮಾಡಸಂತ ಬರಿ!”

“ಹೋದ ಫೋಟೋ ಹೋತ್ರಿ ಕಾಕಾ. ಮತ್ತ ಬಳಿ ನೋಡಿ ಸರ್ಕಾರ ನಡೀತದೇನ್ರಿ?”

“ಈಗರೆ ಬಳೀನ ಸಾಕ್ಷಿ ಅಂದ್ಯಲ್ಲೋ!”

ಅವನು ನಕ್ಕು ಹೆಲ್ಮೆಟ್ ಏರಿಸಿದ. ಅವನ ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಾಗದದಲ್ಲಿ ಗೋಡೆ ಮಾಯ್ದಿತ್ತು, ಮಕ್ಕಳು ಅದರ ಬುಡದಲ್ಲೇ ಮಲಗಬೇಕಿತ್ತು. ಅವನಿಗೆ ಅಷ್ಟೇ ಬೇಕಾಗಿದ್ದದ್ದು.

ತಂಗಿಯ ಮುಖ ಬಾಡಿ ಹೋಗಿತ್ತು. ಇಷ್ಟು ದಿನ ತಾನು ಏನನ್ನು ಕಿತ್ತು ಕಿತ್ತು ಬನ್ನಿಗಿಡದ ಬುಡಕ್ಕೆ ಹಾಕಿದ್ದೆ ಎಂಬುದು ಅವಳಿಗೆ ಆಗ ತಿಳಿದಿತ್ತು. ಒಂದೊಂದೇ ಮಗುವನ್ನು ಎಬ್ಬಿಸಿದಳು, ಚಾಪೆ ಸುತ್ತಿದಳು, ಬಾಗಿಲಿಗೆ ಬೀಗ ಜಡಿದಳು. ಅಂದಿನಿಂದ ಅಂಗನವಾಡಿ ನಮ್ಮ ಪಡಸಾಲೆಯಲ್ಲಿ. ನನ್ನ ಕನ್ನಡಕ ದಿನಾ ಹತ್ತು ಮಕ್ಕಳ ಕೈ ಸುತ್ತಿ ಬರುತ್ತದೆ. ಆಗಲಿ.

ದೀಪಾವಳಿ ಕಳೆದ ಮೇಲೆ ಎಂಜಿನಿಯರ್ ಮತ್ತೆ ಬಂದ. ಮೇಲಿನ ಸಾಹೇಬರು ನೋಡಲು ಬರುವವರಿದ್ದರಂತೆ, ಒಂದು ದಿನದ ಮಟ್ಟಿಗಾದರೂ ಮಕ್ಕಳನ್ನು ಒಳಗೆ ಕೂರಿಸಬೇಕಂತೆ. ತಂಗಿ ಬೀಗ ತೆಗೆದು ತೋರಿಸಿದಳು. ಎರೆ ಒಣಗಿತ್ತು. ಕೆಂಪು ಬಳೆ ನಡುವೆ ಮುರಿದು ಗೋಡೆಯ ಮೇಲೆ ಹಾಗೇ ಇತ್ತು.

ಅವನು ಬಾಗಿಲಲ್ಲೇ ನಿಂತ. “ಅಯ್ಯ ಅಕ್ಕಾರ, ಮುರದ ಬಳಿ ಹಿಂಗ ಇಡತಾರೇನ್ರಿ? ಅಪಶಕುನ. ಮೊದಲ ತಗೀರಿ ಅದನ್ನ.”

“ಹೌದ್ರಿ, ಅಪಶಕುನನ. ಅದಕ್ಕ ಬಿಟ್ಟೀನಿ,” ಅಂದಳು ನನ್ನ ತಂಗಿ. “ನೀವು ಪಾಯ ತೋಡ್ಸಿದ ದಿನ ತಗೀತೀನಿ. ಅಲ್ಲೀತನಕ ನಿಮ್ಮ ಸಾಹೇಬ್ರು ಬಂದು ಅದನ್ನ ನೋಡ್ಲಿ.”

ಮತ್ತೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.