ಒಂದು ನಗು ಬಾಕಿ

ಕಳೆದ ಭಾನುವಾರ ಮಧ್ಯಾಹ್ನ ಒಬ್ಬ ಸಿನಿಮಾ ನಟಿ ನನ್ನೆದುರು ಹೆಣವಾಗಿ ಮಲಗಿದರು. ಗಾಬರಿಯಾಗಬೇಡಿ, ‘ಆ್ಯಕ್ಷನ್’ ಎಂದವಳು ನಾನೇ.

ರಾಯದುರ್ಗದ ಇಂದುಮತಿ. ಹುಟ್ಟುಹೆಸರು ತಿಪ್ಪಮ್ಮ. ಹದಿನೇಳಕ್ಕೇ ಮದ್ರಾಸಿನ ರೈಲು ಹತ್ತಿ ಕನ್ನಡ, ತೆಲುಗು ಎರಡರಲ್ಲೂ ನಟಿಸಿದವರು. ಹೀರೊಯಿನ್ ಅಲ್ಲ. ಇಂಟರ್‌ವಲ್‌ ಒಳಗೆ ಸಾಯುವ ತಂಗಿ, ಮೊದಲ ಹೆಂಡತಿ, ಬಾಣಂತಿ ಎಂದರೆ ಇವರೇ. ಮಡಕಶಿರಾದ ಟೆಂಟ್ ಸಿನಿಮಾದಲ್ಲಿ ನನ್ನಮ್ಮ ಇವರ ಸಾವಿಗೆ ಸೆರಗು ಒದ್ದೆಯಾಗುವಷ್ಟು ಅಳುತ್ತಿದ್ದಳು. (ಮರುದಿನ ಅದೇ ಸಾವು ನೋಡಲು ಮತ್ತೆ ಹೋಗುತ್ತಿದ್ದಳು!)

ಈ ಅಂಕಣಕ್ಕೆಂದು ರಾಯದುರ್ಗದ ಅವರ ಮನೆಗೆ ಹೋಗಿದ್ದೆ. ಚೊಕ್ಕ ಮನೆ. ಗೋಡೆಯ ಕನ್ನಡಿಗೆ ಮಾತ್ರ ಯಾಕೋ ಬಟ್ಟೆ ಹೊದಿಸಿತ್ತು.

“ಬರ್ರಿ, ಕೂಡ್ರಿ” ಎಂದು ಆಲ್ಬಮ್ ಬಿಚ್ಚಿದರು. ಪುಟಪುಟದಲ್ಲೂ ಅವರದೇ ಹೆಣ. ಚಟ್ಟದ ಮೇಲೆ, ಮೂಗಿನಲ್ಲಿ ಹತ್ತಿ, ಹಣೆಯಲ್ಲಿ ರಕ್ತ. ಮುಖದಲ್ಲಿ ಮಾತ್ರ ಬಾಯ್ತುಂಬ ನಗು. ಕೂತಲ್ಲೇ ಹಿಂದೆ ಸರಿದೆ.

“ಹೆದರಬ್ಯಾಡ್ರಿ. ಸತ್ತ ಸೀನ್ ಮುಗದ ಕೂಡ್ಲೇ ಎದ್ದು ನಗಬೇಕು. ಆ ನಗೀದು ಸ್ಟಿಲ್ ಫೋಟೊ ತಗೀಬೇಕು. ಇಲ್ಲಾಂದ್ರ ದಿಷ್ಟಿ ಆಗತೈತಿ, ಸಾವು ಬೆನ್ನು ಬಿಡಂಗಿಲ್ಲ. ನಮ್ಮ ಲೈನಿನ್ಯಾಗ ಎಲ್ಲಾರೂ ಹಿಂಗ ಮಾಡ್ತಾರ.”

ಕೊನೆಯ ಪುಟ ಖಾಲಿ.

“ಅವತ್ತು ಸ್ಟಿಲ್ ತಗಿಯೋನು ಜ್ವರ ಅಂತ ಬಂದಿದ್ದಿಲ್ಲ. ನಾ ನಕ್ಕೆ, ಯಾರೂ ತಗೀಲಿಲ್ಲ. ಆಮ್ಯಾಲೆ ಒಂದು ಪಿಚ್ಚರೂ ಬರಲಿಲ್ಲ. ಅವತ್ತಿನಿಂದ ನಾ ಎದ್ದೇ ಇಲ್ಲ ಅನ್ನಿಸ್ತೈತ್ರಿ. ಕನ್ನಡಿ ನೋಡಿದ್ರ ಅದಾ ಹೆಣ. ನಿಮ್ಮ ಫೋನಿನ್ಯಾಗ ಒಂದು ತಗದುಕೊಡ್ತೀರೇನ್ರಿ?”

ಆಗಲ್ಲ ಎನ್ನಲು ಬಾಯಿ ಬರುತ್ತದೆಯೇ?

ಟ್ರಂಕಿನಿಂದ ಬಿಳಿ ಸೀರೆ ಬಂತು. ಚಾಪೆ ಹಾಸಿ, ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿಬಿಟ್ಟರು. ಎಂಥ ಅನುಭವಸ್ಥೆ! ಉಸಿರಾಡುವುದೇ ಕಾಣಲಿಲ್ಲ.

“ಕಟ್” ಎಂದೆ. ಏಳಲಿಲ್ಲ. ಮತ್ತೆ ಕೂಗಿದೆ. ಇಲ್ಲ. “ಅಮ್ಮಾ!” ಎಂದು ಚೀರಿದೆ ನೋಡಿ, ಆಗ ಎದ್ದು ಕೂತು ನಕ್ಕರು. ಚಿಕ್ಕ ಹುಡುಗಿಯ ನಗು. ಪಟಪಟನೆ ಮೂರು ಫೋಟೊ ತೆಗೆದೆ.

“ಬಂತೇನ್ರಿ?”

“ಬಂದೈತೆ ಅಮ್ಮ, ಚೆನ್ನಾಗ್ ಬಂದೈತೆ.”

ಅವರ ಕಣ್ಣಲ್ಲಿ ನೀರು. ಫೋನಿನಲ್ಲಿ ತಮಗೆ ಕಾಣುವುದಿಲ್ಲ, ದೊಡ್ಡ ಪ್ರಿಂಟೇ ಬೇಕು ಎಂದರು.

ಕಲ್ಯಾಣದುರ್ಗ ದಾಟಿದ ಮೇಲೆ ಬಸ್ಸಿನಲ್ಲಿ ಫೋನ್ ತೆರೆದೆ. ಮೂರು ಫೋಟೊ. ಮೂರರಲ್ಲೂ ಅವರು ಮಲಗಿದ್ದಾರೆ. ಕಣ್ಣು ಮುಚ್ಚಿ, ಮೂಗಿನಲ್ಲಿ ಹತ್ತಿ.

ನಾನು ಕ್ಲಿಕ್ ಮಾಡಿದ್ದು ಅವರು ಎದ್ದು ಕೂತ ಮೇಲೆ. ಆಣೆ ಮಾಡಿ ಹೇಳುತ್ತೇನೆ! “ಗಾಬ್ರೀಲಿ ಮೊದ್ಲೇ ಒತ್ತಿರ್ತೀಯ ಬಿಡು” ಎಂದರು ಮನೆಯಲ್ಲಿ ನಮ್ಮ ಯಜಮಾನರು. ಇರಬಹುದು. ಹಾಗೇ ಇರಲಪ್ಪ ದೇವರೇ. ಆದರೂ ಆ ಫೋಟೊ ಇನ್ನೊಮ್ಮೆ ತೆರೆಯುವ ಧೈರ್ಯ ನನಗಿಲ್ಲ, ಡಿಲೀಟ್ ಮಾಡಲು ಅದಕ್ಕಿಂತ ಭಯ.

ನಿನ್ನೆ ಅವರದೇ ಫೋನ್. ದನಿಯಲ್ಲಿ ಏನು ಖುಷಿ! “ಕನ್ನಡಿ ಮ್ಯಾಗಿನ ಬಟ್ಟಿ ತಗದೀನ್ರಿ. ನೋಡ್ಕೊಂಡು ತೆಲಿ ಬಾಚ್ಕೊಂಡೆ. ಪ್ರಿಂಟ್ ಯಾವಾಗ ತರ್ತೀರಿ?”

ನಾಳೆ ಎಂದುಬಿಟ್ಟೆ. ಇನ್ನೊಂದು ಫೋಟೊ ತೆಗೆದರಾಯಿತು, ನಗುವುದೇನು ಮಹಾ ಎನ್ನುತ್ತೀರಾ? ಸುಮ್ಮನೆ ನಕ್ಕರೆ ಲೆಕ್ಕಕ್ಕಿಲ್ಲ, ಸತ್ತು ಎದ್ದೇ ನಗಬೇಕು.

ಎಂಬತ್ತರ ಆ ಜೀವಕ್ಕೆ ‘ಇನ್ನೊಂದು ಸಲ ಸಾಯಿರಿ’ ಎಂದು ಯಾವ ಬಾಯಲ್ಲಿ ಹೇಳಲಿ?