ಹಿಂದಿನ ಗೇಟಿನ ಬುಧವಾರ

ಲಗಮವ್ವನ ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ಒಂದು ಗೆರೆ ಇದೆ. ಇಪ್ಪತ್ತು ವರ್ಷದ ಹಿಂದೆ ಗಿರಾಕಿಯೊಬ್ಬ ಬ್ಲೇಡಿನಿಂದ ಎಳೆದದ್ದು. ನಿರೋಧ ಹಾಕಿಕೋ ಎಂದಿದ್ದಳು, ಅಷ್ಟೇ ಅವಳ ತಪ್ಪು. ಬ್ಲೇಡಿಗಿಂತ ಅವಳಿಗೆ ಹೆಚ್ಚು ನೆನಪಿರುವುದು ಹೊಲಿಗೆ. ದೊಡ್ಡ ದವಾಖಾನೆಯವರು ಸಂಜೆಯವರೆಗೆ ಹೊರಗೆ ಕೂರಿಸಿ, ಮರಗಟ್ಟಿಸುವ ಇಂಜೆಕ್ಷನ್ನನ್ನೂ ಕೊಡದೆ ಒಂಬತ್ತು ಹೊಲಿಗೆ ಹಾಕಿದರು. ಚೀರಿದ್ದಕ್ಕೆ, "ಇಂಥಾ ದಂಧೆ ಮಾಡಾಕಿಗಿ ಇಷ್ಟ್ ನೋವಾಗತೈತೇನ?" ಎಂದಿದ್ದ ಹೊಲಿಯುವವ. ಅವನ ಕೈಗೆ ಹುಳ ಬೀಳಲಿ.

ಸಿರಸಂಗಿಯ ಕೂಲಿಯವರ ಮಗಳು ಅವಳು. ರಾಮದುರ್ಗದ ಕಡೆಯ ಗಂಡ ತೋಳು ಮುರಿದು ಮನೆಯಿಂದ ಅಟ್ಟಿದ ಮೇಲೆ ದಂಧೆಗೆ ಬಿದ್ದಳು. ಈಗ ನಲವತ್ತೈದು. ದಂಧೆ ಬಿಟ್ಟು, ದಂಧೆಯ ಹೆಂಗಸರ ಸಂಘದಲ್ಲಿ ಕೆಲಸ ಮಾಡುತ್ತಾಳೆ. ನಿರೋಧ ಹಂಚುತ್ತಾಳೆ, ಆರು ತಿಂಗಳಿಗೊಮ್ಮೆ ರಕ್ತ ತಪಾಸಣೆ ಮಾಡಿಸುತ್ತಾಳೆ. ಅದೇ ದವಾಖಾನೆಯವರೊಡನೆ ವರ್ಷಗಟ್ಟಲೆ ಜಗಳಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಸಂಘದ ಹೆಂಗಸರಿಗೆ ಬುಧವಾರ ಮಧ್ಯಾಹ್ನ ಎರಡರ ಮೇಲೆ, ಶವಾಗಾರದ ಪಕ್ಕದ ಹಿಂದಿನ ಗೇಟು. ಅಲ್ಲಿ ಯಾರೂ ನೋಡುವುದಿಲ್ಲ, ಯಾರೂ ಉಗುಳುವುದಿಲ್ಲ.

"ಬುಧವಾರ ಬಿಟ್ಟು ದವಾಖಾನಿ ಕಡೆ ಮುಖಾ ಹಾಕಬ್ಯಾಡ್ರಿ," ಎಂದು ತೊಂಬತ್ತು ಹೆಂಗಸರಿಗೆ ಬಾಯಿಪಾಠ ಮಾಡಿಸಿದ್ದಳು. ಆ ಬುಧವಾರದ ಬಗ್ಗೆ ಅವಳಿಗೆ ಬಹಳ ಹೆಮ್ಮೆಯಿತ್ತು.

ಅಂಥದೊಂದು ಬುಧವಾರ ಮೂರು ಗಂಟೆಗೆ ರಂಜನಾ ಆ ಗೇಟಿಗೆ ಬಂದಳು. ಮುನವಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು, ಇಪ್ಪತ್ತಾರರ ಹೆಣ್ಣು. ರೊಟ್ಟಿಯ ದುಡಿಮೆ ಸಾಲದೆ ದಂಧೆಯನ್ನೂ ಮಾಡುತ್ತಿದ್ದಳು. ಸೆರಗು ಸರಿಸಿದರೆ ಒಂದು ಕಣ್ಣು ಊದಿ ಮುಚ್ಚಿತ್ತು, ಕೆಳತುಟಿ ಸೀಳಿತ್ತು.

"ಯಾರವಾ?"

"ಟ್ರ್ಯಾಕ್ಟರ್ ಮಹಾಂತಪ್ಪ. ಇನ್ನಿಬ್ಬರನ್ನ ಕರಕೊಂಡ ಬಂದಿದ್ದ."

ಭಾನುವಾರ ಸಂಜೆ ಆರಕ್ಕೆ, ನವಿಲುತೀರ್ಥದ ಕಾಲುವೆ ಪಕ್ಕದ ಪಂಪಿನ ಮನೆಯಲ್ಲಿ. ಒಬ್ಬನೇ ಎಂದು ನಂಬಿ ಹೋಗಿದ್ದಳು. ಮೂವರನ್ನು ಕಂಡು ಒಲ್ಲೆ ಎಂದಳು, ಓಡಲು ನೋಡಿದಳು. ಮಹಾಂತಪ್ಪ ಜಾಕಿನ ರಾಡಿನಿಂದ ಪಕ್ಕೆಗೆ ಹೊಡೆದ. ನಿರೋಧವಾದರೂ ಹಾಕಿಕೊಳ್ಳಿ ಎಂದು ಅತ್ತದ್ದಕ್ಕೆ ಆ ಪಾಕೀಟನ್ನೇ ಅವಳ ಬಾಯಿಗೆ ತುರುಕಿದ. ಮೂವರೂ ಬಿಡಲಿಲ್ಲ. ಹೋಗುವಾಗ ಅವಳ ಫೋನನ್ನು ಕಲ್ಲಿಗೆ ಅಪ್ಪಳಿಸಿ ಹೋದರು.

ಲಗಮವ್ವ ಬೆರಳು ಮಡಿಸಿ ಎಣಿಸಿದಳು. ಎಚ್‌ಐವಿ ಅಂಟದಂತೆ ತಡೆಯುವ ಗುಳಿಗೆ ಇದೆ, ಆದರೆ ಮೂರು ದಿನದೊಳಗೆ ಶುರು ಮಾಡಬೇಕು. ಭಾನುವಾರ ಆರರಿಂದ ಬುಧವಾರ ಆರು. ಉಳಿದದ್ದು ಮೂರೇ ತಾಸು.

"ಸೋಮವಾರನ ಬರಾಕ ಏನ್ ಧಾಡಿ ಆಗಿತ್ತ ನಿನಗ, ಹುಚ್ಚಿ!" ಎಂದು ಕೈ ಎತ್ತಿದಳು.

"ಬುಧವಾರ ಬಿಟ್ಟು ಬರಬ್ಯಾಡ ಅಂತ ನೀನ ಹೇಳಿದ್ದಿಯಲ್ಲ, ಅಕ್ಕಾ."

ಎತ್ತಿದ ಕೈ ಕೆಳಗೆ ಬಿತ್ತು. ಗಂಡ ಹೊಡೆದಿದ್ದ, ಗಿರಾಕಿಗಳು ಹೊಡೆದಿದ್ದರು, ಪೊಲೀಸರು ಹೊಡೆದಿದ್ದರು. ಇಂಥ ಪೆಟ್ಟು ಅವಳಿಗೆ ಯಾರಿಂದಲೂ ಬಿದ್ದಿರಲಿಲ್ಲ.

ಗುಳಿಗೆ ಇದ್ದದ್ದು ಮುಂದಿನ ತುರ್ತು ಕೋಣೆಯಲ್ಲಿ. ನಡುವಿನ ಗಾಜಿನ ಬಾಗಿಲಲ್ಲಿ ಕಾವಲಿನ ನಿಜಗುಣಪ್ಪ ಅಡ್ಡ ನಿಂತ. "ಮುಂದ ಮರ್ಯಾದಸ್ಥರು ಕುಂತಾರ. ಮೊದಲ ಪೊಲೀಸರ ಕಾಗದ ತರ್ರಿ."

"ಮೊದಲ ಔಷಧ, ಆಮ್ಯಾಲೆ ಕಾಗದ. ಕಾಯ್ದೇನ ಹಂಗ ಐತ್ರಿ."

"ಕಾಯ್ದೆ ಹೇಳಾಕ ಬಂದಾಳ ಸೂಳಿ," ಎಂದು ಅವಳನ್ನು ನೂಕಿದ. ತಲೆ ಗೋಡೆಗೆ ಬಡಿಯಿತು. ಹಿಡಿಯಲು ಬಂದ ರಂಜನಾಳನ್ನೂ ತಳ್ಳಿದ. ಅವಳು ರಾಡಿನ ಪೆಟ್ಟು ಬಿದ್ದ ಪಕ್ಕೆಯ ಮೇಲೇ ಬಿದ್ದು ಚೀರಿದಳು. ಆ ಚೀರಾಟಕ್ಕೆ ಲಗಮವ್ವನ ಸಿಟ್ಟು ನೆತ್ತಿಗೇರಿತು. ಮೂಲೆಯಲ್ಲಿದ್ದ ಸಲೈನಿನ ಕಂಬವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಮತ್ತೊಮ್ಮೆ ಬೀಸಿದ್ದು ಬಾಗಿಲಿಗೆ. ಗಾಜು ಪುಡಿಯಾಗಿ ಅವಳ ಅಂಗೈ ಸೀಳಿತು. ರಂಜನಾಳನ್ನು ಎಬ್ಬಿಸಿ, ರಕ್ತ ಸುರಿಸುತ್ತಲೇ ಮರ್ಯಾದಸ್ಥರ ಬೆಂಚುಗಳ ನಡುವೆ ನಡೆದಳು.

"ಏನಿದು ಗೂಂಡಾಗಿರಿ?" ಎಂದು ಡ್ಯೂಟಿ ಡಾಕ್ಟರು ಅನ್ನಪೂರ್ಣಾ ಎದ್ದು ನಿಂತರು.

"ನನ್ನ ಆಮ್ಯಾಲೆ ಜೇಲಿಗಿ ಹಾಕಸ್ರಿ ಡಾಕ್ಟರ್ ಬಾಯಾರ. ಮೊದಲ ಈಕಿಗಿ ಗುಳಗಿ ಕೊಡ್ರಿ. ಆರಕ್ಕ ಮೂರು ದಿನ ತುಂಬತಾವು."

ಡಾಕ್ಟರು ರಂಜನಾಳ ಮುಖ ನೋಡಿದರು. ಮತ್ತೇನೂ ಕೇಳದೆ ಕಪಾಟಿನ ಬೀಗ ತೆಗೆದರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೊದಲ ಗುಳಿಗೆ ಗಂಟಲಿಳಿಯಿತು. ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕು, ಮೊದಲ ದಿನವೇ ಬಂದಿದ್ದರೆ ಇನ್ನೂ ಗಟ್ಟಿ ಭರವಸೆ ಇರುತ್ತಿತ್ತು ಎಂದರು. ಪೊಲೀಸರು ಬಂದರು. ಮಹಾಂತಪ್ಪನ ಮೇಲೊಂದು, ಲಗಮವ್ವನ ಮೇಲೊಂದು ದೂರು ಬರೆದುಕೊಂಡು ಹೋದರು.

ಲಗಮವ್ವನ ಅಂಗೈಗೆ ಪಟ್ಟಿ ಕಟ್ಟುತ್ತಿದ್ದಾಗ ರಂಜನಾ ಮಂಚದ ಮೇಲಿಂದ ಮೆಲ್ಲಗೆ ಹೇಳಿದಳು, "ನಮ್ಮ ಸಂಘದ ಭಾಗೀರಥಿ ಅಕ್ಕಗೂ ಹಿಂಗ ಒಂದ ಗುರುವಾರ ಆಗಿತ್ತಂತ. ಆಕಿನೂ ಬುಧವಾರದ ತನಕ ಕಾದಿದ್ಲಂತ."

ಭಾಗೀರಥಿಯ ರಕ್ತದಲ್ಲಿ ಎಚ್‌ಐವಿ ಕಂಡು ಈಗ ಒಂದು ವರ್ಷ. ತಪಾಸಣೆಯ ಚೀಟಿ ಕೈಗೆ ಬಂದ ದಿನ, ನಿನಗೆ ಮೈಮೇಲೆ ಎಚ್ಚರವಿರಲಿಲ್ಲ ಎಂದು ಎಲ್ಲರೆದುರು ಅವಳನ್ನು ಬೈದವಳು ಲಗಮವ್ವನೇ. ಭಾಗೀರಥಿ ಆಗ ಬುಧವಾರದ ಮಾತೆತ್ತದೆ ತಲೆ ತಗ್ಗಿಸಿ ನಿಂತಿದ್ದಳು.

ಲಗಮವ್ವ ಹಣೆ ಹಣೆ ಬಡಿದುಕೊಂಡಳು. ನರ್ಸು ಕೈ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಫೋನು ತೆಗೆದು ತೊಂಬತ್ತೂ ಜನರಿಗೆ ಒಬ್ಬೊಬ್ಬರಿಗೇ ಹಚ್ಚಿದಳು. "ಬುಧವಾರ ಸುಟ್ಟು ಹೋಗ್ಲಿ. ಯಾವತ್ತರೆ ಬರ್ರಿ, ಮುಂದಿನ ಗೇಟಿಗಿ ಬರ್ರಿ."

ಮೊದಲು ಹಚ್ಚಿದ್ದು ಭಾಗೀರಥಿಗೆ. ಅವಳಿಗೆ ಮಾತ್ರ ಗೇಟಿನ ಮಾತು ಹೇಳಲಾಗಲಿಲ್ಲ. "ನಂದ ತಪ್ಪವಾ," ಎಂದಳು.